ಪಟ್ಟಿಯಲ್ಲಿಲ್ಲದ ಮಾರುಕಟ್ಟೆ

ಆ ಎರಡು ವರ್ಷ ನಾನು ಮಲಗಿ ಏಳುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಬೆರ್ರಿಯೆಸಾದ ಅಪಾರ್ಟ್‌ಮೆಂಟಿನಲ್ಲಿ, ಓಡಾಡುತ್ತಿದ್ದದ್ದು ಪ್ಯಾರಿಸ್ಸಿನಲ್ಲಿ. ಪ್ಯಾರಿಸ್ಸನ್ನು ನಾನು ಕಂಡೇ ಇರಲಿಲ್ಲ. ಆರ್ಕಿಟೆಕ್ಚರ್ ಓದಿ, ಗಂಡನ ಜೊತೆ ಅಮೆರಿಕಕ್ಕೆ ಬಂದ ನನಗೆ ಸಿಕ್ಕ ಮೊದಲ ಕೆಲಸ ಒಂದು ಪುಟ್ಟ ಡಾಟ್‌ಕಾಮ್ ಕಂಪನಿಯದು. ಹಿಂದೆ ಏಪ್ರಿಕಾಟ್ ಹಣ್ಣನ್ನು ಡಬ್ಬಿಗೆ ತುಂಬುತ್ತಿದ್ದ ಹಳೇ ಶೆಡ್ಡಿನಲ್ಲಿ ನಮ್ಮ ಆಫೀಸು. ನಾವು ಮಾಡುತ್ತಿದ್ದದ್ದು ಒಂದು ವೆಬ್‌ಸೈಟು. ನೋಡುವವರು ತಮಗೆ ಬೇಕಾದ ಶತಮಾನ ಆರಿಸಿಕೊಂಡು, ಮೌಸ್ ಹಿಡಿದು, ಆ ಕಾಲದ ಪ್ಯಾರಿಸ್ಸಿನ ಬೀದಿಗಳಲ್ಲಿ ಅಡ್ಡಾಡಬಹುದು. ಹಳೆಯ ನಕ್ಷೆಗಳನ್ನು ನೋಡಿ ಒಂದೊಂದೇ ಕಟ್ಟಡವನ್ನು ಕಂಪ್ಯೂಟರಿನೊಳಗೆ ಎಬ್ಬಿಸುವುದು ನನ್ನ ಪಾಲಿನ ಕೆಲಸ.

ನದಿಯ ನಡುವಿನ ದ್ವೀಪದಿಂದ ಶುರು ಮಾಡಿದೆ. ತಲೆಮಾರುಗಟ್ಟಲೆ ಕಟ್ಟಿದ ನೋತ್ರ್ ದಾಮ್ ಚರ್ಚು ನನ್ನ ಕೈಯಲ್ಲಿ ಎರಡೇ ತಿಂಗಳಿಗೆ ಎದ್ದು ನಿಂತಿತು. ಲೂವ್ರ್ ಮೊದಲು ಕೋಟೆ, ಆಮೇಲೆ ಅರಮನೆ, ಆಮೇಲೆ ಮ್ಯೂಸಿಯಂ. ಮೂರನ್ನೂ ಒಂದರ ಮೇಲೊಂದು ಕಟ್ಟಿದೆ. ಆ ಊರಿನ ಕಟ್ಟಡಗಳ ಕಲ್ಲನ್ನು ಬಹಳ ಕಾಲ ಊರಿನ ಕೆಳಗಿನಿಂದಲೇ ತೆಗೆದರಂತೆ. ಅದನ್ನು ಓದಿದ ದಿನ, ಒಳಗೆಲ್ಲ ಟೊಳ್ಳಾದ ಊರೊಂದು ಗಾಳಿಯಲ್ಲಿ ತೇಲುವುದನ್ನು ಮನಸ್ಸಿನಲ್ಲೇ ನೋಡುತ್ತಾ ಕೂತಿದ್ದೆ. ಹತ್ತೊಂಬತ್ತನೇ ಶತಮಾನಕ್ಕೆ ಬಂದಾಗ, ನಾನೇ ಆಸೆಪಟ್ಟು ಕಟ್ಟಿದ ಇಕ್ಕಟ್ಟಿನ ಗಲ್ಲಿಗಳನ್ನು ನಾನೇ ಅಳಿಸಿ ಅಗಲವಾದ ನೇರ ರಸ್ತೆಗಳನ್ನು ಹಾಯಿಸಬೇಕಾಯಿತು. ಅವತ್ತು ಊಟ ಸೇರಲಿಲ್ಲ. ಮಂಜು ಮುಸುಕಿದ ಬೆಳಗುಗಳಲ್ಲಿ ಫ್ರೀವೇ ಮೇಲಿಂದ ಕಾಣುವ ಗುಡ್ಡಸಾಲು ನನಗೆ ಪ್ಯಾರಿಸ್ಸಿನ ಬೂದು ಬಣ್ಣದ ತಗಡಿನ ಮಾಡುಗಳಂತೆ ಕಾಣುತ್ತಿತ್ತು. ಎಷ್ಟೋ ಸಲ ಇಳಿಯಬೇಕಾದ ಎಕ್ಸಿಟ್ ದಾಟಿ ಮುಂದೆ ಹೋಗಿಬಿಟ್ಟಿದ್ದೇನೆ.

ವೆಬ್‌ಸೈಟಿಗೆಂದು ಕಟ್ಟಡಗಳ ಬಗ್ಗೆ ನಾವು ಬರೆದದ್ದನ್ನು ತಿದ್ದಲು ಪ್ರತಿ ಮಂಗಳವಾರ ಒಬ್ಬ ಹೆಂಗಸು ಬರುತ್ತಿದ್ದರು. ಪ್ಯಾರಿಸ್ಸಿನಲ್ಲಿ ಹುಟ್ಟಿ, ಅಮೆರಿಕದವನನ್ನು ಮದುವೆಯಾಗಿ ಬಂದು, ಕ್ಯುಪರ್ಟಿನೋದ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾದವರು. ಮಿತಭಾಷಿ. ಒಂದು ಮಂಗಳವಾರ ನನ್ನ ಪರದೆಯ ಮೇಲಿದ್ದ ಹಳೆಯ ಪ್ಯಾರಿಸ್ಸಿನಲ್ಲಿ, ಲೂವ್ರ್‌ಗೆ ಸಮೀಪದ ಒಂದು ಖಾಲಿ ಜಾಗದ ಮೇಲೆ ಬೆರಳಿಟ್ಟರು.

"ಇಲ್ಲಿ ಯಾಕೆ ಏನೂ ಇಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಏನಿತ್ತು?"

"ಲೆ ಆಲ್. ಊರಿಗೆಲ್ಲ ತರಕಾರಿ, ಮೀನು, ಮಾಂಸ ಕೊಡ್ತಿದ್ದ ಮಾರ್ಕೆಟ್ಟು. ಕಬ್ಬಿಣ, ಗಾಜಿನ ಮಂಟಪಗಳು. ನಮ್ಮಪ್ಪ ಅಲ್ಲಿ ಹೊರೆ ಹೊರ್ತಿದ್ದ. ನಾನು ಇಲ್ಲಿಗೆ ಬಂದ ಮೇಲೆ ಕೆಡವಿದರು. ವರ್ಷಗಟ್ಟಲೆ ಬರೀ ಗುಂಡಿ ಇತ್ತಂತೆ. ಈಗ ನೆಲದ ಕೆಳಗೆ ಶಾಪಿಂಗ್ ಮಾಲ್ ಇದೆ. ಆಮೇಲೆ ನಾನು ಹೋಗಲೇ ಇಲ್ಲ."

ನಮ್ಮ ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದವರು ಹಾಸನದ ಕಡೆಯವರು. ಆ ಮಾರ್ಕೆಟ್ಟನ್ನೂ ಕಟ್ಟಬಹುದೇ ಎಂದು ಮಧ್ಯಾಹ್ನ ಅವರನ್ನು ಕೇಳಿದೆ.

"ಲಿಸ್ಟಲ್ಲಿ ಇಲ್ವಲ್ಲ ರೀ ಅದು," ಅಂದರು. "ಡೆಮೋಗೆ ಕಬ್ಬಿಣದ ಗೋಪುರ ಬೇಕು, ಅದರಲ್ಲಿ ಲಿಫ್ಟು ಓಡ್ಬೇಕು. ಕೆಡವಿರೋ ಮಾರ್ಕೆಟ್ ಯಾರು ನೋಡ್ತಾರೆ?"

"ಲಂಚ್ ಟೈಮಲ್ಲಿ ಮಾಡ್ಕೊಳ್ಳಲಾ ಸಾರ್?"

"ಲಂಚ್ ನಿಮ್ದು. ನಾನೇನ್ ಹೇಳ್ಲಿ!"

ಮರುದಿನದಿಂದ ಮೊಸರನ್ನದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕಂಬ ನಿಲ್ಲಿಸತೊಡಗಿದೆ. ಯೂನಿವರ್ಸಿಟಿ ಲೈಬ್ರರಿಯೊಂದರಲ್ಲಿ ಹಳೆಯ ನಕ್ಷೆಗಳ ಪ್ರತಿ ಸಿಕ್ಕಿತು. ಅಲ್ಲಿ ಮೊದಲು ಕಲ್ಲಿನ ಕಟ್ಟಡವನ್ನೇ ಎಬ್ಬಿಸಿದ್ದರಂತೆ. ಅದು ಕೋಟೆಯ ಹಾಗಿದೆ ಎಂದು ಜನ ನಕ್ಕದ್ದಕ್ಕೆ ಒಡೆದು, ಕಬ್ಬಿಣದಲ್ಲಿ ಹೊಸದಾಗಿ ಕಟ್ಟಿದರು. ತೆಳ್ಳನೆಯ ಕಂಬಗಳ ಮೇಲೆ ಛತ್ರಿ ಬಿಚ್ಚಿದ ಹಾಗೆ ಮಾಡು. ಮೇಲೆ ಓರೆಯಾಗಿ ಜೋಡಿಸಿದ ಗಾಜಿನ ಪಟ್ಟಿಗಳು. ಒಂದೊಂದು ಪಟ್ಟಿ ಸೇರಿಸಿದಾಗಲೂ ನೆಲದ ಮೇಲೆ ಬೆಳಕಿನ ಒಂದೊಂದು ಗೆರೆ ಮೂಡುತ್ತಿತ್ತು. ಅದನ್ನೇ ನೋಡುತ್ತಾ ಮೈಮರೆತು, ಊಟ ಮಾಡುವುದೇ ಮರೆತು ಹೋಗುತ್ತಿತ್ತು. ಆ ಹೆಂಗಸಿಗೆ ಮಾತ್ರ ಹೇಳಿರಲಿಲ್ಲ.

ಮಾರುಕಟ್ಟೆ ಮುಗಿಯುವ ಹೊತ್ತಿಗೆ ಕಂಪನಿಯೇ ಮುಗಿಯಿತು. ಹಾಸನದವರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು, ಶುಕ್ರವಾರ ಕಡೇ ದಿನ, ಸಂಜೆ ಮಷೀನುಗಳನ್ನು ತಗೊಂಡು ಹೋಗ್ತಾರೆ ಅಂದರು. ಸುತ್ತಮುತ್ತಲ ಆಫೀಸುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ಕಾಲ ಅದು. ಯಾರಿಗೂ ಆಶ್ಚರ್ಯವಾಗಲಿಲ್ಲ. ನಾನು ಆ ಹೆಂಗಸಿಗೆ ಫೋನ್ ಮಾಡಿ, ಶುಕ್ರವಾರ ಬೆಳಗ್ಗೆ ದಯವಿಟ್ಟು ಬನ್ನಿ ಎಂದು ಕರೆದೆ.

ಬಂದರು. ಕುರ್ಚಿಯಲ್ಲಿ ಕೂರಿಸಿ ಮೌಸ್ ಕೈಗಿಟ್ಟೆ. ಅವರಿಗೆ ಅದು ಸರಿಯಾಗಿ ಹಿಡಿತಕ್ಕೆ ಬರುತ್ತಿರಲಿಲ್ಲ. ನಡೆಯುತ್ತಾ ನಡೆಯುತ್ತಾ ಗೋಡೆಗೆ ತಾಗಿದರು, ತಿರುಗಿದರು, ಕಂಬಗಳ ನಡುವೆ ಒಳಗೆ ಹೋದರು.

"ಬಾಗಿಲ ಎತ್ತರ ಸರಿಯಾಗಿದೆ," ಎಂದರು ಕೊನೆಗೆ. "ಅಪ್ಪ ತಲೆ ಮೇಲಿನ ಹೊರೆ ಇಳಿಸದೇ ಒಳಗೆ ಬರ್ತಿದ್ದ. ಆದರೆ ನೆಲ ಸರಿಯಿಲ್ಲ. ನೆಲ ಯಾವಾಗಲೂ ಒದ್ದೆ."

ಯಾವಾಗ ಬಂದು ನಮ್ಮ ಹಿಂದೆ ನಿಂತಿದ್ದರೋ, ಹಾಸನದವರು "ಸ್ವಲ್ಪ ಸರೀರಿ" ಎಂದು ನನಗೆ ಕನ್ನಡದಲ್ಲಿ ಹೇಳಿ, ಬಗ್ಗಿ, ಕೀಬೋರ್ಡಿನಲ್ಲಿ ಏನೇನೋ ಒತ್ತಿದರು. ನೆಲ ಮೆಲ್ಲಗೆ ಒದ್ದೆಯಾಯಿತು. ಕಂಬಗಳು ತಲೆಕೆಳಗಾಗಿ ಅದರಲ್ಲಿ ಮೂಡಿದವು. ಆ ಹೆಂಗಸು ಫ್ರೆಂಚಿನಲ್ಲಿ ಏನೋ ಹೇಳಿದರು. ನಮ್ಮಿಬ್ಬರಿಗೂ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಅವರು ಪುಟ್ಟ ಹುಡುಗಿಯಂತೆ ಕಾಲುಗಳನ್ನು ಕುರ್ಚಿಯ ಕೆಳಗೆ ಮಡಚಿಕೊಂಡು ಬೆಳಗಿನ ಹೊತ್ತೆಲ್ಲ ಅಲ್ಲೇ ಅಡ್ಡಾಡಿದರು.

ಸಂಜೆ ಮಷೀನುಗಳು ಹೋದವು, ಅವುಗಳ ಜೊತೆ ನನ್ನ ಎರಡು ವರ್ಷದ ಊರೂ ಹೋಯಿತು. ಕೆಲವು ತಿಂಗಳು ನನಗೆ ಏನು ಮಾಡಲೂ ಮನಸ್ಸಿರಲಿಲ್ಲ. ಆಮೇಲೆ ಮನೆಗಳಿಗೆ ಹೆಚ್ಚುವರಿ ಕೋಣೆಯ ನಕ್ಷೆ ಬರೆದುಕೊಡುವ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬರೆದದ್ದನ್ನು ನಿಜವಾಗಿಯೂ ಕಟ್ಟುತ್ತಿದ್ದರು. ಅದೊಂದು ಬೇರೆಯೇ ಖುಷಿ.

ಮರುವರ್ಷ ಆ ಹೆಂಗಸು ಫೋನ್ ಮಾಡಿದರು. ಪ್ಯಾರಿಸ್ಸಿಗೆ ಹೋಗಿ ಬಂದರಂತೆ.

"ಮಾರ್ಕೆಟ್ ಇದ್ದ ಜಾಗಕ್ಕೂ ಹೋಗಿದ್ರಾ?" ಎಂದು ಕೇಳಿದೆ.

"ಹೋದೆ. ಎಸ್ಕಲೇಟರಲ್ಲಿ ಆ ಮಾಲ್‌ಗೆ ಇಳಿದು, ಎಲ್ಲಾ ಸುತ್ತಿದೆ," ಎಂದರು. "ಒಂದು ಜೊತೆ ಶೂ ತಗೊಂಡೆ. ತುಂಬಾ ಚೆನ್ನಾಗಿದೆ," ಎಂದು ನಕ್ಕರು.