ಜುಬೈಲಿಗೆ ಹೋದ ಕ್ಯಾಸೆಟ್

ನಾನು ಚಳಿ ದೇಶಕ್ಕೆ ಹೋಗಿ ಉಷ್ಣದ ಪೇಪರಿನಲ್ಲಿ ಫೇಲಾದವಳು. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ಪುರುಸೊತ್ತು ಸಿಗದು. ಎಂಬತ್ತರ ದಶಕದ ನಡುವಿನ ಮಾತು. ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾನಿಲಯದಲ್ಲಿ ಕೆಮಿಕಲ್ ಇಂಜಿನಿಯರಿಂಗ್, ಮೊದಲ ವರ್ಷ. ಪಪ್ಪಾ ಗಲ್ಫಿನ ಜುಬೈಲಿನ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅವರು ಆ ಬಿಸಿಲಿನಲ್ಲಿ ಕಂಪೆನಿ ಬಸ್ಸಿಗೆ ಕಾದು ಬೇಯುತ್ತಿದ್ದದ್ದೇ ಮಗಳು ತಣ್ಣಗೆ ಕೂತು ಓದಲಿ ಎಂದು.

ತಣ್ಣಗೆ ಕೂತದ್ದೇನೋ ನಿಜ. ಹಾಸ್ಟೆಲಿನ ಹೀಟರ್ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಅದಕ್ಕಿಂತ ಹೆಚ್ಚು ಬೆಚ್ಚಗಿದ್ದರೆ ಹುಡುಗಿಯರು ಕೆಟ್ಟುಹೋಗುತ್ತಾರೆಂದು ವಾರ್ಡನಮ್ಮನ ನಂಬಿಕೆ. ಬಾತ್‌ರೂಮಿನ ಬೇಸಿನ್ನಿಗೆ ಎರಡು ನಲ್ಲಿ: ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಕೈ ಮರಗಟ್ಟುವ ನೀರು. ಎರಡನ್ನೂ ಒಂದೇ ನಲ್ಲಿಯಲ್ಲಿ ಬಿಡುವ ಬುದ್ಧಿ, ಜಗತ್ತಿಗೇ ಯಂತ್ರ ಕಲಿಸಿದ ಆ ಮಹಾನುಭಾವರಿಗೆ ಹೊಳೆದಿರಲಿಲ್ಲ. ಮಮ್ಮಿ ಕಟ್ಟಿಕೊಟ್ಟ ತೆಂಗಿನೆಣ್ಣೆ ಅಕ್ಟೋಬರಿನಲ್ಲಿ ಕಲ್ಲಾದದ್ದು ಮೇ ತಿಂಗಳವರೆಗೂ ಕರಗಲಿಲ್ಲ. ಚಮಚದ ಹಿಡಿಯಿಂದ ಅಗೆದು ತಲೆಗೆ ಹಚ್ಚುತ್ತಿದ್ದೆ. ಊಟಕ್ಕೆ ಇವತ್ತು ಬೇಯಿಸಿದ ಬಟಾಟೆ, ನಾಳೆ ಜಜ್ಜಿದ ಬಟಾಟೆ, ನಾಡಿದ್ದು ಹುರಿದ ಬಟಾಟೆ. ಇಷ್ಟಕ್ಕೆ ಗೋಡೆಯ ಮೇಲೆ ಮೆನು ಬೇರೆ ಬರೆದು ಅಂಟಿಸುತ್ತಿದ್ದರು.

ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲೆ. ಬೆಚ್ಚಗಿದ್ದ ಜಾಗವೆಂದರೆ ಲೈಬ್ರರಿ ಒಂದೇ. ಓದಲೆಂದೇ ಹೋಗುತ್ತಿದ್ದೆ, ದೇವರಾಣೆ. ಮೈಮೇಲೆ ಎರಡು ಸ್ವೆಟರ್, ಒಂದು ಕೋಟು, ಬೆನ್ನಿಗೆ ಹೀಟರ್. ಐದೇ ನಿಮಿಷದಲ್ಲಿ ಪುಸ್ತಕದ ಮೇಲೆ ತಲೆಯಿಟ್ಟು ಗೊರಕೆ. ಉಷ್ಣದ ಬಗ್ಗೆ ಆ ವರ್ಷ ನಾನು ಕಲಿತದ್ದು ಅಷ್ಟೇ. ಜೂನಿನಲ್ಲಿ ಫಲಿತಾಂಶ ಬಂತು, ಉಷ್ಣದ ಪೇಪರ್ ಹೋಗಿತ್ತು. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಬರೆಯಬಹುದು, ಆಗಲೂ ಹೋದರೆ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು.

ಆಗ ನಮ್ಮ ಗಲ್ಫಿನವರಿಗೆ ಕಾಗದಕ್ಕಿಂತ ಕ್ಯಾಸೆಟ್ ಮೇಲೆ ಪ್ರೀತಿ. ಮಾತಾಡಿ ರೆಕಾರ್ಡ್ ಮಾಡಿ ಅಂಚೆಗೆ ಹಾಕುವುದು. ಅವರು ಕೇಳಿ, ಅದರ ಮೇಲೆಯೇ ತಮ್ಮ ಮಾತು ತುಂಬಿಸಿ ವಾಪಸು ಕಳಿಸುವುದು. ಪಪ್ಪಾ ನನ್ನ ಕ್ಯಾಸೆಟನ್ನು ಶುಕ್ರವಾರ ಊಟದ ಮೇಲೆ, ಕೆಲಸಗಾರರ ಕ್ಯಾಂಪಿನಿಂದ ಬಂದ ಊರಿನವರನ್ನೆಲ್ಲ ಕೂರಿಸಿ ಕೇಳಿಸುತ್ತಿದ್ದರು. ಹಾಗಾಗಿ ನಾನೂ ಮನೆಯ ಕೊಂಕಣಿ ಬಿಟ್ಟು ಎಲ್ಲರಿಗೂ ಅರ್ಥವಾಗುವಂತೆ ಕನ್ನಡದಲ್ಲಿ, ರೇಡಿಯೋದವಳ ಗತ್ತಿನಲ್ಲಿ ಮಾತಾಡುತ್ತಿದ್ದೆ. ಆ ಸಲ ಮಾತ್ರ ಬಾಗಿಲು ಹಾಕಿಕೊಂಡು ಕೊಂಕಣಿಯಲ್ಲಿ ಅರ್ಧ ಗಂಟೆ ಅತ್ತೆ. ಪಪ್ಪಾ, ಫೇಲಾಗಿದ್ದೇನೆ, ನನಗೆ ಇಲ್ಲಿ ಆಗುವುದಿಲ್ಲ ಎಂದೆಲ್ಲ ಹೇಳಿದೆ. ಮರುದಿನ ಧೈರ್ಯ ಸಾಲಲಿಲ್ಲ. ಅದೇ ಕ್ಯಾಸೆಟಿನ ಮೇಲೆ, ಪರೀಕ್ಷೆ ಸುಲಭವಿತ್ತು, ಪ್ರೊಫೆಸರ್ ಬೆನ್ನು ತಟ್ಟಿದರು ಎಂದು ಕನ್ನಡದಲ್ಲಿ ಹದಿನೈದು ನಿಮಿಷ ಸುಳ್ಳು ತುಂಬಿಸಿ, ಅಂಚೆಗೆ ಹಾಕಿದೆ.

ಇಂಜಿನಿಯರಿಂಗ್ ಓದುವವಳ ಬುದ್ಧಿ ನೋಡಿ! ಹೊಸ ಸುಳ್ಳು ಹಳೆಯ ಅಳುವಿಗಿಂತ ಗಿಡ್ಡ ಎಂಬುದು ತಲೆಗೇ ಹೋಗಲಿಲ್ಲ. ಜುಬೈಲಿನಲ್ಲಿ ಬಿರಿಯಾನಿ ತಿಂದು ಕೂತವರಲ್ಲಿ ಟೇಪ್ ನಿಲ್ಲಿಸಲು ಯಾರೂ ಏಳಲಿಲ್ಲವಂತೆ. ನನ್ನ ‘ಎಲ್ಲರಿಗೂ ನಮಸ್ಕಾರ’ ಮುಗಿದದ್ದೇ ತಡ, ಉಳಿದ ಹದಿನೈದು ನಿಮಿಷದ ಅಳು ಶುರು. ಕೊಂಕಣಿ ಬಾರದವರಿಗೂ ‘ಫೇಲ್’ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದೊಂದೂ ತಿಳಿಯದೆ ಜುಲೈಯಲ್ಲಿ ಜುಬೈಲಿಗೆ ಬಂದಿಳಿದೆ. ಪಪ್ಪನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸುತ್ತ ಬಂದಿದ್ದೆ. ಬಂದ ಸಂಜೆಯೇ ಮನೆ ತುಂಬ ಜನ. ಪಪ್ಪಾ ಎಲ್ಲರ ಮುಂದೆ, “ಹೇಳು ಮಗಾ, ಪರೀಕ್ಷೆ ಹೇಗಾಯ್ತು?” ಅಂದರು. ಮೈಯೆಲ್ಲ ಉರಿದುಹೋಯಿತು. ಮಗಳನ್ನು ಮೆರೆಸುವ ಚಪಲ ಇದಕ್ಕಿಂತ ಹೆಚ್ಚು ಬೇಕೇ! “ಚೆನ್ನಾಗಿ ಆಯ್ತು” ಎಂದವಳೇ ಹಿಮದ ಕಥೆಗೆ ಹಾರಿದೆ. ಮೊದಲ ಸಂಜೆ ಮೊಣಕಾಲಿನವರೆಗಿದ್ದ ಹಿಮ ಎರಡನೆಯ ಸಂಜೆ ಸೊಂಟಕ್ಕೆ ಬಂತು, ವಾರ ಕಳೆಯುವಷ್ಟರಲ್ಲಿ ಕಿಟಕಿ ಮುಚ್ಚಿತು.

ಬರುವವರಲ್ಲಿ ಉಳ್ಳಾಲದ ಬಾಯ್ಲರ್ ಆಪರೇಟರ್ ಒಬ್ಬರಿದ್ದರು. ಓದಿದ್ದು ಹತ್ತನೇ ಕ್ಲಾಸ್. ಅವರ ಪ್ರಶ್ನೆಗಳೋ! “ಎಂತ ಮಗಳೇ, ಹಿಮ ತಲೆಗೆ ಬಿದ್ರೆ ಪೆಟ್ಟಾಗ್ತದಾ?” ನಾನು ಗಂಭೀರವಾಗಿ ಉತ್ತರ ಕೊಟ್ಟು, ಅಡುಗೆಮನೆಗೆ ಬಂದು ಮಮ್ಮಿಯೆದುರು ಅವರನ್ನು ಅಣಕಿಸಿ ನಗುತ್ತಿದ್ದೆ. ಮಮ್ಮಿ ನಗುತ್ತಿರಲಿಲ್ಲ. “ಸಾಕು ನಿನ್ನ ದೊಡ್ಡಸ್ತಿಕೆ, ಚಹಾ ಕೊಂಡುಹೋಗು” ಅನ್ನುತ್ತಿದ್ದಳು.

ಹದಿನಾಲ್ಕು ಸಂಜೆ ಹೀಗೆಯೇ ನಡೆಯಿತು. ಪಪ್ಪನದ್ದು ಅದೇ ಪ್ರಶ್ನೆ, ನನ್ನದು ಅದೇ ಹಿಮ. ಹದಿನೈದನೆಯ ಸಂಜೆ ಆ ಬಾಯ್ಲರ್ ಅಂಕಲ್ ಚಹಾದ ಗ್ಲಾಸು ಕೆಳಗಿಟ್ಟರು.

“ಹಿಮದ್ದು ಸಾಕು ಮಾರಾಯ್ತಿ. ಆ ಫೇಲಾದ ಪೇಪರ್ ಉಂಟಲ್ಲಾ, ಅದರಲ್ಲಿ ಸ್ಟೀಮಿನ ಲೆಕ್ಕ ಉಂಟಾ? ನಾನು ಆರು ವರ್ಷದಿಂದ ಅದರೊಟ್ಟಿಗೇ ಇರುವುದು. ಪುಸ್ತಕ ತಾ, ನೋಡುವ.”

ಯಾರೂ ಬೆಚ್ಚಿಬೀಳಲಿಲ್ಲ. ಎಲ್ಲರೂ ತಮ್ಮ ತಮ್ಮ ಗ್ಲಾಸು ನೋಡುತ್ತ ಕೂತರು. ಎಲ್ಲರಿಗೂ ಮೊದಲೇ ಗೊತ್ತಿತ್ತೆಂದು ನನಗೆ ತಿಳಿದದ್ದು ಅದರಿಂದಲೇ. ಕ್ಯಾಸೆಟಿನ ಸಂಗತಿಯನ್ನು ಅವರೇ ಒಬ್ಬೊಬ್ಬರಾಗಿ, ತಪ್ಪು ಮಾಡಿದವರು ತಾವೇ ಎಂಬಂತೆ ತಡವರಿಸುತ್ತ ಹೇಳಿದರು. ಆ ಕೋಣೆಯಿಂದ ಎದ್ದುಹೋಗಲು ಒಂದು ನೆಪ ಬೇಕಿತ್ತು, ಪುಸ್ತಕ ತಂದೆ. ಅಂಕಲ್ ಒಂದು ಗಂಟೆ ಕೂತು ಪೆನ್ಸಿಲಿನಲ್ಲಿ ಬಾಯ್ಲರ್ ಬರೆದು, ಉಗಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ದಾರಿಯಲ್ಲಿ ಏನು ಕಳೆದುಕೊಳ್ಳುತ್ತದೆ ಎಂದು ತೋರಿಸಿದರು. ಮುಂದೆ ರಜೆ ಮುಗಿಯುವವರೆಗೂ ದಿನಾ ಬಂದರು. ಸೆಪ್ಟೆಂಬರಿನಲ್ಲಿ ನಾನು ಪಾಸಾದದ್ದು ಆ ಹತ್ತನೇ ಕ್ಲಾಸಿನ ಪುಣ್ಯದಿಂದ. ಪ್ರೊಫೆಸರು ಮಾತ್ರ ತಮ್ಮ ಪಾಠದಿಂದ ಎಂದೇ ತಿಳಿದರು.

ಆ ಹದಿನೈದನೆಯ ಸಂಜೆ ಎಲ್ಲರೂ ಹೋದ ಮೇಲೆ ನನ್ನ ನಾಚಿಕೆಯೆಲ್ಲ ಸಿಟ್ಟಾಗಿ ಪಪ್ಪನ ಮೇಲೆ ಹರಿಯಿತು. “ಎಲ್ಲ ಗೊತ್ತಿದ್ದೂ ದಿನಾ ಅವರ ಮುಂದೆ ಯಾಕೆ ಕೇಳ್ತಿದ್ರಿ? ನಾನು ಸುಳ್ಳು ಹೇಳುವುದು ನೋಡಿ ಮಜಾ ಮಾಡ್ಲಿಕ್ಕಾ?”

ಪಪ್ಪಾ ಗ್ಲಾಸುಗಳನ್ನು ಟ್ರೇಗೆ ಎತ್ತಿಡುತ್ತಿದ್ದರು.

“ಮಜಾ ಎಂತದ್ದು ಮಗಾ? ನಾನೊಬ್ಬನೇ ಕೇಳಿದ್ರೆ ನೀನು ಹೆದರ್ತೀ ಅಂತ ಅವರನ್ನೂ ಕೂರಿಸ್ತಿದ್ದೆ. ಅವರೆಲ್ಲ ಒಂದಲ್ಲ ಒಂದು ಕಡೆ ಫೇಲಾಗಿಯೇ ಇಲ್ಲಿಗೆ ಬಂದವರು, ನಾನೂ ಸೇರಿ. ಇವತ್ತಾದ್ರೂ ನೀನಾಗಿಯೇ ಹೇಳ್ತೀ ಅಂತ ದಿನಾ ಕೇಳ್ದೆ.”

ಹದಿನಾಲ್ಕು ಸಂಜೆ ಕೇಳಿದ್ದರು. ಹದಿನಾಲ್ಕು ಸಂಜೆಯೂ ನಾನು ಅವರಿಗೆ ಹಿಮದ ಕಥೆ ಹೇಳಿದ್ದೆ.