ಅತಿಥಿ ಪರಿಚಯ ಮಾಡುವವನ ಹೊಟ್ಟೆಕಿಚ್ಚು

ಮೊನ್ನೆ ಮಧ್ಯಾಹ್ನ ಆಮಂತ್ರಣ ಪತ್ರಿಕೆಯ ಕರಡು ಬಂತು. ಹಸಿ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಇಂಥ ಪತ್ರಿಕೆಗಳನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ, ಅದು ನನ್ನ ಹಳೆಯ ಚಟ. ಯಾಕೆಂದರೆ ನನ್ನ ಹೆಸರಿರುವುದು ಯಾವಾಗಲೂ ಕೆಳಗೆ, ಸ್ವಾಗತ ಗೀತೆ ಹಾಡುವ ಮಕ್ಕಳಾದ ಮೇಲೆ, 'ಅತಿಥಿ ಪರಿಚಯ' ಎಂಬ ಸಣ್ಣ ಅಕ್ಷರಗಳ ಪಕ್ಕದಲ್ಲಿ. ಈ ಸಲ ಆ ಜಾಗದಲ್ಲಿ ಬರೀ ಚುಕ್ಕಿಗಳಿದ್ದವು. ನನ್ನನ್ನು ತೆಗೆದೇಬಿಟ್ಟರಲ್ಲ ಎಂದುಕೊಂಡು ಕಣ್ಣು ಮೇಲೆತ್ತಿದರೆ, ನಡುಮಧ್ಯದಲ್ಲಿ, ದಪ್ಪ ಅಕ್ಷರಗಳಲ್ಲಿ, 'ಉಪನ್ಯಾಸ' ಎಂದಿದ್ದಲ್ಲಿ ನನ್ನ ಹೆಸರು.

ಹಿಂದೆಯೇ ನಮ್ಮ ಸಂಘದ ಅಧ್ಯಕ್ಷರ ಫೋನು. "ಸರ್, ಬರಬೇಕಾಗಿದ್ದ ಜಡ್ಜ್ ಸಾಹೇಬರಿಗೆ ಮೊಣಕಾಲ ಆಪರೇಷನ್ ಐತಂತ್ರಿ. ಈ ಸಲ ನೀವ ಮಾತಾಡ್ರಿ. ನಿಮ್ಮ ಪರಿಚಯ ಯಾರ ಮಾಡಬೇಕು ಅನ್ನೂದನ್ನೂ ನೀವ ಹೇಳ್ರಿ. ನಾಳೆ ಸಂಜಿಕ ಅಚ್ಚಿಗಿ ಕೊಡ್ತೀನಿ."

ಇನ್ನೊಬ್ಬರ ಮೊಣಕಾಲಿನ ಪುಣ್ಯದಿಂದಲಾದರೂ ಸರಿ, ಸಿಕ್ಕಿತಲ್ಲ! ನಾನು ಹಿಗ್ಗಿ ಹೀರೇಕಾಯಿ ಆಗಬೇಕಿತ್ತು. ಆಗಲಿಲ್ಲ. ಆ ಚುಕ್ಕಿಗಳನ್ನೇ ನೋಡುತ್ತ ಕುಳಿತುಬಿಟ್ಟೆ. ಯಾಕೆ ಎಂದು ಹೇಳಬೇಕಾದರೆ ನನ್ನ ಹೊಟ್ಟೆಕಿಚ್ಚಿನ ಕಥೆಯನ್ನೇ ಹೇಳಬೇಕು. ನಿಮಗೆ ಪುರುಸೊತ್ತಿದೆ ಎಂದು ತಿಳಿದು ಹೇಳುತ್ತೇನೆ.

ನಮ್ಮಲ್ಲಿ 'ತಿಂಗಳ ಅತಿಥಿ' ಎಂಬ ಉಪನ್ಯಾಸ ಮಾಲಿಕೆ ನಡೆಯುತ್ತದೆ. ಒಂದು ತಿಂಗಳು ಹುಕ್ಕೇರಿ, ಮುಂದಿನ ತಿಂಗಳು ಗೋಕಾಕ, ಆಮೇಲೆ ಮೂಡಲಗಿ, ಹೀಗೆ ಸರದಿ. ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಅಧ್ಯಕ್ಷರದು ಸಾಧಕರನ್ನು ಹಿಡಿದು ತರುವುದರಲ್ಲಿ ಎತ್ತಿದ ಕೈ. ಹೃದಯದ ಡಾಕ್ಟರು, ಮಣ್ಣಿನ ವಿಜ್ಞಾನಿ, ಹಿಮಾಲಯ ಹತ್ತಿಬಂದ ಹುಡುಗಿ, ರೊಟ್ಟಿ ಮಾರಿ ನೂರು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟ ತಾಯಿ, ಕುಸ್ತಿ ಪೈಲವಾನ, ಎಲ್ಲರೂ ಬಂದು ಹೋದರು. ಅವರೆಲ್ಲರ ಪರಿಚಯ ಮಾಡಿದವನು ನಾನು, ಹುಕ್ಕೇರಿಯ ಕಾಲೇಜಿನಲ್ಲಿ ಕನ್ನಡ ಹೇಳಿ ನಿವೃತ್ತನಾದವನು. ವೇದಿಕೆಯ ಕೊನೆಯ ಕುರ್ಚಿ ನನ್ನದು.

ನಿಜ ಹೇಳಲೇ? ಬಂದವರೆಲ್ಲರ ಮೇಲೂ ನನಗೆ ಹೊಟ್ಟೆಕಿಚ್ಚೇ. ಪೈಲವಾನನ ತೋಳು ನೋಡಿ ಉರಿದುಕೊಂಡೆ, ಬದುಕಿನಲ್ಲಿ ಒಂದು ಬಸ್ಕಿ ಹೊಡೆಯದವನು! ಮಣ್ಣಿನ ವಿಜ್ಞಾನಿಯಂತೂ ಕೌಜಲಗಿಯ ಹುಡುಗ, ನನ್ನದೇ ವಿದ್ಯಾರ್ಥಿ, ಕನ್ನಡದಲ್ಲಿ ಹೇಗೋ ಪಾಸಾಗಿದ್ದವನು. ಅವನಿಗೆ ಶಾಲು ಹೊದಿಸುವಾಗ ಶಾಲಿನ ಒಂದು ತುದಿ ನನ್ನ ಕೈಯಲ್ಲಿತ್ತು. ಬಿಡಲು ಮನಸ್ಸೇ ಬರಲಿಲ್ಲ. ನನ್ನ ಹತ್ತಿರವೂ ಹೇಳುವುದಕ್ಕೆ ಒಂದು ವಿಷಯವಿತ್ತು. ನಾಲ್ಕು ತಾಲ್ಲೂಕು ಅಲೆದು, ಮುದುಕಿಯರ ಮುಂದೆ ಕುಳಿತು, ಅವರು ಬೀಸುಕಲ್ಲಿನ ಮುಂದೆ ಹಾಡುವ ಬೀಸುವ ಪದಗಳನ್ನು ಬರೆದುಕೊಂಡವನು ನಾನು. ಮೂರು ದಪ್ಪ ಪುಸ್ತಕ ತುಂಬಿದ್ದವು. ಅವುಗಳ ಮೇಲೆ ಒಂದು ಉಪನ್ಯಾಸ ಕೊಡಬೇಕೆಂಬ ಆಸೆಯನ್ನು ಅಧ್ಯಕ್ಷರ ಕಿವಿಗೆ ಬೀಳುವ ಹಾಗೆ ಎಷ್ಟು ಸಲ ಆಡಿದ್ದೆನೋ. ಅವರು ಗೊಬ್ಬರದ ಚೀಲ ಎಣಿಸುತ್ತ "ಹೌದೌದು" ಅನ್ನುತ್ತಿದ್ದರು.

ನಮ್ಮ ಮಾಲಿಕೆಯಲ್ಲಿ ಒಂದು ಪದ್ಧತಿಯಿದೆ. ಅತಿಥಿ ಬರೆದು ಕಳಿಸಿದ ಹಾಳೆಯನ್ನು ಓದುವಂತಿಲ್ಲ. ಪರಿಚಯ ಮಾಡುವವನು ಅವರಿದ್ದಲ್ಲಿಗೇ ಹೋಗಿ, ಎದುರಿಗೆ ಕುಳಿತು, ಅವರ ಬಾಯಿಂದಲೇ ಕೇಳಿ ಬರೆದುಕೊಂಡು ಬರಬೇಕು. ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬೇಕು. ನಾನು ಶ್ರದ್ಧೆಯಿಂದಲೇ ಮಾಡುತ್ತಿದ್ದೆ. ಆದರೆ ಸಭೆಯಲ್ಲಿ ಚಹಾ ಹಂಚುವುದೂ ಆ ಹತ್ತು ನಿಮಿಷದಲ್ಲೇ. ನನ್ನ ಒಳ್ಳೊಳ್ಳೆಯ ವಾಕ್ಯಗಳೆಲ್ಲ "ಇಲ್ಲೊಂದ ಕಪ್ ಕೊಡಪಾ" ಎಂಬುದರಲ್ಲಿ ಮುಳುಗಿಹೋಗುತ್ತಿದ್ದವು.

ಹೀಗೆ ಬಂದು ಹೋಗುವವರ ಮೇಲಿನ ಹೊಟ್ಟೆಕಿಚ್ಚು ಒಂದು ದಿನದ್ದು. ಮರುದಿನ ಅವರೂ ಇರುವುದಿಲ್ಲ, ಅದೂ ಇರುವುದಿಲ್ಲ. ಕಾಯಂ ಆಗಿ ಉರಿಸಿದವನು ಲಗಮಣ್ಣ.

ಲಗಮಣ್ಣ ಹತ್ತರಗಿಯವನು, ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. "ಗೋಕಾಕ, ಲೋಳಸೂರ, ಮೂಡಲಗಿ ಕಡೆ ಹೋಗೂ ಮಂದಿ ಎರಡನೇ ಫಲಾಟಫಾರ್ಮಿಗೆ ಬರ್ರಿ" ಎಂದು ಮೈಕಿನಲ್ಲಿ ಕೂಗಿ ಕೂಗಿ ಅವನ ಗಂಟಲಿಗೆ ಒಂದು ಹದ ಬಂದಿತ್ತು. ನಮ್ಮಲ್ಲಿ ಅವನದು ವಂದನಾರ್ಪಣೆ. ವಂದನಾರ್ಪಣೆ ಎಂದರೆ ಮಂದಿ ಚಪ್ಪಲಿ ಹುಡುಕುವ ಹೊತ್ತು ಅಲ್ಲವೇ? ನಮ್ಮಲ್ಲಿ ಹಾಗಲ್ಲ. "ತಡೀರಿ, ಲಗಮಣ್ಣ ಏನ ಅಂತಾನ ಕೇಳೇ ಹೋಗೂಣು" ಎಂದು ಎದ್ದವರೂ ಕೂರುತ್ತಿದ್ದರು. ಡಾಕ್ಟರು ಒಂದು ತಾಸು ಹೇಳಿದ್ದನ್ನು ಅವನು ಎರಡು ಮಾತಿನಲ್ಲಿ ಹೇಳಿ, ಒಂದು ಚೂರು ನಗಿಸಿ, ಚಹಾ ಮಾಡಿದವರನ್ನೂ ಬಿಡದೆ ನೆನೆದು ಮುಗಿಸುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಮನೆಗೆ ಬಂದು ಅವನ ವ್ಯಾಕರಣದ ತಪ್ಪು ಹೇಳುತ್ತಿದ್ದೆ. ನನ್ನ ಹೆಂಡತಿ "ತಪ್ಪ ಇದ್ದರೂ ಕೇಳಾಕ ಛಲೋ ಅನಸತೈತಿ ಬಿಡ್ರಿ" ಎಂದು ಉರಿಗೆ ತುಪ್ಪ ಸುರಿಯುತ್ತಿದ್ದಳು. ಎದುರಿಗೆ ನಾನವನಿಗೆ ನೀವು ತಾವು ಅಂತಲೇ ಅನ್ನುತ್ತೇನೆ. ಬರೆಯುವಾಗ ಮಾತ್ರ ಹೊಟ್ಟೆಕಿಚ್ಚು ಏಕವಚನಕ್ಕೆ ಇಳಿಸಿಬಿಡುತ್ತದೆ, ಕ್ಷಮಿಸಿ.

ಮೂರು ವರ್ಷದ ಕೆಳಗೆ ಅಧ್ಯಕ್ಷರು ಸಭೆಯಲ್ಲಿ, "ಯಾವಾಗಲೂ ಹೊರಗಿನವರನ್ನ ಕರೀತೇವಿ, ಮೂಡಲಗಿ ಕಾರ್ಯಕ್ರಮಕ್ಕ ಈ ಸಲ ನಮ್ಮವರನ್ನ ಒಬ್ಬರನ್ನ ಕೂಡಸೂಣು" ಎಂದರು. ನಾನು ಕುತ್ತಿಗೆ ತಗ್ಗಿಸಿ, ವಿನಯದಿಂದ ನಿರಾಕರಿಸಿ ಆಮೇಲೆ ಒಪ್ಪಿಕೊಳ್ಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಧ್ಯಕ್ಷರು ಲಗಮಣ್ಣನ ಹೆಸರು ಹೇಳಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. "ಪರಿಚಯ ಸರ್ ಮಾಡ್ತಾರ" ಎಂದರು. ಅದಕ್ಕೂ ಚಪ್ಪಾಳೆ.

ಪದ್ಧತಿಯಂತೆ ಹತ್ತರಗಿಗೆ ಹೋದೆ. ಲಗಮಣ್ಣ ಕೈ ಹಿಡಿದು ಪಡಸಾಲೆಯಲ್ಲಿ ಕೂಡಿಸಿದ. ಅವನಿಗೆ ಭಯವಾಗಿತ್ತು. "ಸರ್, ನಾಲ್ಕ ನಿಮಿಷ ಮಾತಾಡಾವಗ ಒಂದ ತಾಸ ಮಾತಾಡ ಅಂದ್ರ ಹೆಂಗ್ರಿ? ಏನೇನ ಹೇಳಬೇಕಂತ ಮಾಡೇನಿ, ನೀವ ಕೇಳಿ ನೋಡ್ರಿ" ಎಂದು ಇಡೀ ಉಪನ್ಯಾಸವನ್ನೇ ನನ್ನ ಮುಂದೆ ಹೇಳಿದ. ಯಾರೋ ಕಂಟ್ರೋಲರ್ ಖೋಲಿಯಲ್ಲಿ ಬಿಟ್ಟುಹೋದ ಹುಂಜ ಮೈಕಿನೊಳಗೆ ಕೂಗಿದ್ದು. ಬೀಗರ ಊರಿಗೆ ಹೊರಟ ದಿಬ್ಬಣವೊಂದು ಮದುಮಗನನ್ನೇ ನಿಲ್ದಾಣದಲ್ಲಿ ಮರೆತು ಹೋದದ್ದು. ಕೊನೆಗೆ ಕೌಜಲಗಿಯ ಮುದುಕಿ.

ಆ ಮುದುಕಿ ಪ್ರತಿ ಸಂತೆಯ ದಿನ ಬಂದು "ಕೌಜಲಗಿ ಗಾಡಿ ಎಷ್ಟಕ್ಕೈತೋ ಯಪ್ಪಾ?" ಎಂದು ಕೇಳುತ್ತಿದ್ದಳಂತೆ. ಗಾಡಿ ಬಂದರೂ ಹತ್ತುತ್ತಿರಲಿಲ್ಲವಂತೆ. ಒಂದು ದಿನ ಇವನು ವಿಚಾರಿಸಿದ್ದಾನೆ. ಅದು ಅವಳ ತವರೂರು. ಅಲ್ಲಿ ಈಗ ಅವಳವರು ಯಾರೂ ಇಲ್ಲ. ಮೈಕಿನಲ್ಲಿ ಊರ ಹೆಸರು ಕರೆಯುವುದನ್ನು ಕೇಳುವುದಕ್ಕೆ ಬರುತ್ತಿದ್ದಳು, ಅಷ್ಟೆ. ಆಮೇಲೆ ಲಗಮಣ್ಣ, ಗಾಡಿ ಇಲ್ಲದ ದಿನವೂ ಆಕೆ ಬಂದು ಕೂತರೆ "ಕೌಜಲಗಿ ಗಾಡಿ ಇವತ್ತ ಇಲ್ಲರೀ, ಕೌಜಲಗಿ" ಎಂದು ಎರಡು ಸಲ ಕೂಗುತ್ತಿದ್ದನಂತೆ.

ನಾನು ನಾಲ್ಕು ತಾಲ್ಲೂಕು ಅಲೆದು ಮುದುಕಿಯರನ್ನು ಹುಡುಕಿದವನು. ಇವನು ಕುರ್ಚಿ ಬಿಟ್ಟು ಏಳದೆ ಇಂಥವಳನ್ನು ಸಂಪಾದಿಸಿಕೊಂಡಿದ್ದ. ನನ್ನ ಹೊಟ್ಟೆ ಎಷ್ಟು ಉರಿಯಿತೆಂದರೆ ಸತ್ಯವ್ವ, ಅಂದರೆ ಅವನ ಹೆಂಡತಿ, ಆಮೇಲೆ ಹೊಲದಿಂದ ಬಂದು ಮಾಡಿಕೊಟ್ಟ ಚಹಾ ರುಚಿಸಲಿಲ್ಲ. ಬರೆದುಕೊಂಡು ಬಂದೆ.

ಮೂಡಲಗಿಯಲ್ಲಿ ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಸತ್ಯವ್ವ ಮಡಿಕೆ ಮುರಿಯದ ಹೊಸ ಸೀರೆಯಲ್ಲಿ ಕೂತಿದ್ದಳು. ಸಂಜೆ ಎಮ್ಮೆ ಹಿಂಡುವ ಕೆಲಸ ಬಿಟ್ಟು ಆಕೆ ಗಂಡನ ಮಾತು ಕೇಳಲು ಬಂದದ್ದು ಅದೇ ಮೊದಲು. ನಾನು ಎದ್ದು ನಿಂತೆ. ಹುಟ್ಟೂರು, ನೌಕರಿ ಹೇಳಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಹುಂಜದ ಕಥೆ ಹೇಳಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮಂದಿ ಚಹಾದ ಕಪ್ಪು ಕೈಯಲ್ಲೇ ಹಿಡಿದು ನನ್ನನ್ನು ನೋಡತೊಡಗಿದರು. ನನ್ನನ್ನು! ಆ ರುಚಿ ಹತ್ತಿದ ಮೇಲೆ ಬಿಡುವುದುಂಟೇ? ಮದುಮಗನ ಕಥೆ ಹೇಳಿದೆ. ಗಡಿಯಾರ ನೋಡಿದ ಅಧ್ಯಕ್ಷರನ್ನು ನಾನು ನೋಡಲಿಲ್ಲ. ಕೌಜಲಗಿಯ ಮುದುಕಿಯನ್ನು ಶುರುಮಾಡಿದಾಗ ಲಗಮಣ್ಣ ತೊಡೆಯ ಮೇಲಿದ್ದ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಅದನ್ನು ಮಾತ್ರ ಸ್ಪಷ್ಟವಾಗಿ ನೋಡಿದೆ. ನೋಡಿಯೂ ಮುದುಕಿಯನ್ನು ಕೊನೆಯವರೆಗೆ ಹೇಳಿದೆ. ಗಂಟಲನ್ನು ಎಲ್ಲಿ ನಡುಗಿಸಬೇಕೋ ಅಲ್ಲಿ ನಡುಗಿಸಿಯೇ ಹೇಳಿದೆ.

ಲಗಮಣ್ಣ ಮೈಕಿನ ಮುಂದೆ ಬಂದು ನಿಂತ. ಆಮೇಲೆ ಕೈ ಮುಗಿದ. "ಇವತ್ತಿನ ಉಪನ್ಯಾಸ ಸರ್ ಮಾಡಿ ಮುಗಿಸ್ಯಾರ್ರಿ. ನನಗ ನನ್ನ ಹಳೀ ಕೆಲಸ ಉಳದೈತಿ. ವಂದನಾರ್ಪಣೆ ಮಾಡ್ತೀನಿ."

ಸಭೆ ಗೊಳ್ಳೆಂದು ನಕ್ಕಿತು. ಇಬ್ಬರೂ ಮೊದಲೇ ಮಾತಾಡಿಕೊಂಡು ಮಾಡಿದ ಚೇಷ್ಟೆ ಎಂದೇ ಎಲ್ಲರೂ ತಿಳಿದರು. ಅವನು ಮೈಕಿನವನನ್ನು, ಚಹಾದವರನ್ನು, ನನ್ನನ್ನು ನೆನೆದು ನಾಲ್ಕು ನಿಮಿಷದಲ್ಲಿ ಕೂತ. ಬಾಗಿಲ ಹತ್ತಿರ ಸತ್ಯವ್ವ ನನ್ನನ್ನು ನಿಲ್ಲಿಸಿ, "ಎಷ್ಟ ಛಲೋ ಹೇಳಿದ್ರಿ ಸರ್! ನಮ್ಮನಿಯವರು ಒಂದರ ಮಾತು ಮನ್ಯಾಗ ಹೇಳಂಗಿಲ್ಲ ನೋಡ್ರಿ. ಆ ಮುದಕೀ ಸುದ್ದಿ ನನಗ ಗೊತ್ತ ಇರಲಿಲ್ಲ" ಎಂದಳು. ಗಂಡನ ಬಾಯಿಂದ ಕೇಳಬೇಕಾದದ್ದನ್ನು ನನ್ನ ಬಾಯಿಂದ ಕೇಳಿ ನನಗೇ ಉಪಕಾರ ಹೇಳುತ್ತಿದ್ದಳು. ನಾನು ಹಲ್ಲು ಕಿರಿದು ಕೈ ಮುಗಿದೆ.

ಮುಂದಿನ ತಿಂಗಳು ಲಗಮಣ್ಣ ಬರಲಿಲ್ಲ. ಫೋನು ಮಾಡಿದರೆ "ಎಮ್ಮಿ ಈಯೂದೈತ್ರಿ" ಎಂದ. ಅದರ ಮುಂದಿನ ತಿಂಗಳು ಕಬ್ಬಿಗೆ ನೀರು ಬಿಡುವುದಿತ್ತು. ಆಮೇಲೆ ಅಧ್ಯಕ್ಷರೂ ಕೇಳುವುದು ಬಿಟ್ಟರು. ಈಗ ಯಾರೋ ಒಬ್ಬರು ಹೆಸರುಗಳ ಪಟ್ಟಿ ಓದಿ ವಂದಿಸುತ್ತಾರೆ, ಅಷ್ಟರಲ್ಲಿ ಸಭಾಗೃಹ ಖಾಲಿ. ಅವನಿಲ್ಲದಿದ್ದರೆ ನಾನು ಮಿಂಚುತ್ತೇನೆಂದು ತಿಳಿದಿದ್ದೆ. ಮಂದಿ ಚಹಾ ಕುಡಿಯುತ್ತಲೇ ಇದ್ದಾರೆ.

ಈಗ ಹೇಳಿ, ಆ ಚುಕ್ಕಿಗಳ ಮೇಲೆ ಯಾರ ಹೆಸರು ಬರೆಯಬೇಕಿತ್ತು? ಒಂದು ರಾತ್ರಿ ಯೋಚಿಸಿ, ನಿನ್ನೆ ಮುಂಜಾನೆ ಹತ್ತರಗಿಯ ಬಸ್ಸು ಹತ್ತಿದೆ. ಲಗಮಣ್ಣ ಎಮ್ಮೆಗೆ ಹಿಂಡಿ ನೆನೆಸುತ್ತಿದ್ದ. "ಬರ್ರಿ ಸರ್, ಕುಂದರ್ರಿ" ಎಂದ, ನಡುವೆ ಮೂರು ವರ್ಷ ಹೋಗಿಯೇ ಇಲ್ಲವೆಂಬಂತೆ. ಕರಡು ಕೊಟ್ಟೆ. ಮೇಲಿನಿಂದ ಕೆಳಗಿನವರೆಗೆ ಓದಿ, "ಅಂತೂ ನಡುವಿನ ಜಾಗಾ ಸಿಕ್ತು" ಎಂದು ನಕ್ಕ.

"ಪರಿಚಯ ನೀವ ಮಾಡಬೇಕು ಲಗಮಣ್ಣ" ಎಂದೆ.

ಅವನು ಕರಡನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ. ನಾನು ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ಒದ್ದಾಡಿದೆ. ಕೈ ತೊಳೆದು, ಒಂದು ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ಬಂದು ಎದುರಿಗೆ ಕೂತ. "ಪದ್ಧತಿ ಬಿಡಾಕ ಬರಂಗಿಲ್ಲ ಮತ್ತ. ನೀವ ಹೇಳ್ರಿ, ನಾ ಬರಕೋತೀನಿ."

ಊರು, ಓದು, ನೌಕರಿ ಹೇಳಿದೆ. ಬೀಸುವ ಪದಗಳ ಸುದ್ದಿ ಬಂತು. ಒಳ್ಳೊಳ್ಳೆಯವನ್ನೆಲ್ಲ ಬಚ್ಚಿಟ್ಟು, ಸಪ್ಪೆಯವನ್ನಷ್ಟೇ ಆರಿಸಿ ಆರಿಸಿ ಹೇಳುತ್ತಿದ್ದೇನೆಂದು ನನಗೇ ಗೊತ್ತಾಯಿತು. ಇವನೂ ನಾನು ಮಾಡಿದ್ದನ್ನೇ ಮಾಡಿದರೆ? ಸತ್ಯವ್ವ ಚಹಾ ಕೊಟ್ಟು, "ನಾನೂ ಕೇಳ್ತೀನ್ರಿ" ಎಂದು ಹೊಸ್ತಿಲ ಮೇಲೆ ಕೂತಳು. ನಾಚಿಕೆಯಾಯಿತು. ಕಪ್ಪು ಕೆಳಗಿಟ್ಟೆ.

"ಮೂಡಲಗ್ಯಾಗ ಅವತ್ತ ನಾ ಹೇಳಿದ್ದು ಪರಿಚಯ ಅಲ್ಲ ಲಗಮಣ್ಣ, ನಿಮ್ಮ ಉಪನ್ಯಾಸ. ಹೊಟ್ಟಿಕಿಚ್ಚಿಗೆ ಹೇಳಿದೆ. ನೀವು ಚೀಟಿ ಮಡಚಿ ಇಟ್ಟಿದ್ದೂ ನೋಡಿದೆ. ನೋಡಿದರೂ ಬಿಡಲಿಲ್ಲ."

ಸತ್ಯವ್ವ ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು. ಲಗಮಣ್ಣ ಅದನ್ನು ಬರೆದುಕೊಳ್ಳಲಿಲ್ಲ.

"ಅದು ನನಗ ಗೊತ್ತಿದ್ದದ್ದ ಐತ್ರಿ ಸರ್" ಎಂದ. "ಗೊತ್ತಿಲ್ಲದ್ದ ಹೇಳ್ರಿ."

ಹೇಳಿದೆ. ಮೂರು ಪುಸ್ತಕದಲ್ಲಿದ್ದ ಒಳ್ಳೆಯ ಪದಗಳನ್ನೆಲ್ಲ, ಯಾವ ಮುದುಕಿ ಯಾವ ಪದಕ್ಕೆ ಅತ್ತಳು, ಯಾವುದಕ್ಕೆ ನಕ್ಕಳು, ಎಲ್ಲವನ್ನೂ ಹೇಳಿದೆ. ಒಂದನ್ನೂ ನನಗೆಂದು ಇಟ್ಟುಕೊಳ್ಳಲಿಲ್ಲ. ಅವನು ಬರೆದುಕೊಳ್ಳುತ್ತಲೇ ಹೋದ. ಬರುವ ಭಾನುವಾರದ ಸಭೆಯಲ್ಲಿ ಅವನು ಹತ್ತು ನಿಮಿಷಕ್ಕೆ ನಿಲ್ಲಿಸುತ್ತಾನೋ, ಐವತ್ತು ನಿಮಿಷ ಮಾತಾಡುತ್ತಾನೋ, ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ.