ಮೂಗಪ್ಪನ ಕುಂಟು ಕಾಲು

ಮೂಗಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಭೂಮಿಯ ಒಡಲಿನ ಹಬೆಯಿಂದ ಕರೆಂಟು ತೆಗೆಯುವ ಸ್ಥಾವರದಲ್ಲಿ ಇಪ್ಪತ್ತೆಂಟು ವರ್ಷದಿಂದ ಫಿಟ್ಟರ್. ಯಾವ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಮೂಸಿಯೇ ಹೇಳುತ್ತಿದ್ದ, ಅದಕ್ಕೇ ಆ ಹೆಸರು. ಹಬೆಯ ಜೊತೆ ಕೊಳೆತ ಮೊಟ್ಟೆಯ ನಾತದ ವಿಷಗಾಳಿಯೂ ಬರುತ್ತದೆ. ಕೊಳವೆ ರಿಪೇರಿಗೆ ಯಾರೇ ವಾಲ್ವ್ ಗುಂಡಿಗೆ ಇಳಿಯಲಿ, ಮೊದಲು ಮೂಗಪ್ಪ ಬಗ್ಗಿ ಮೂಸಿ "ಇಳಿ" ಅನ್ನಬೇಕು. ಅಲ್ಲಿನ ಪದ್ಧತಿ ಅದು.

ಮೊದಲೆಲ್ಲ ಆ ಗಾಳಿಯನ್ನು ಚಿಮಣಿಯಿಂದ ಆಕಾಶಕ್ಕೆ ಬಿಡುತ್ತಿದ್ದರು. ಅದರಲ್ಲಿ ಬೆರೆತ ಇಂಗಾಲದ ಡೈಆಕ್ಸೈಡಿನಿಂದ ಭೂಮಿ ಬಿಸಿಯೇರುತ್ತಿದೆ ಎಂದು ಹೊಸ ಏರ್ಪಾಡು ಬಂತು: ಗಾಳಿಯನ್ನು ನೀರಲ್ಲಿ ಕರಗಿಸಿ ಪಾತಾಳಕ್ಕೇ ದೂಡುವುದು, ಅಲ್ಲಿ ಅದು ಕಲ್ಲಾಗುತ್ತದಂತೆ. ಭೂಮಿತಾಯಿ ಬಿಟ್ಟ ಹೂಸನ್ನು ಅವಳ ಹೊಟ್ಟೆಗೇ ತುಂಬುತ್ತಾರೆ ಎಂದು ಮೂಗಪ್ಪ ಊಟದ ಹೊತ್ತಿಗೆ ಎಲ್ಲರನ್ನೂ ನಗಿಸುತ್ತಿದ್ದ. ಹೊಸ ಕೊಳವೆಗಳಲ್ಲಿ ವಿಷ ಮೊದಲಿಗಿಂತ ಗಟ್ಟಿ ಎಂದು ಗಾಳಿ ಅಳೆಯುವ ಡಬ್ಬಿ ಹಿಡಿದು ಓಡಾಡುವ ಅವನ ತಮ್ಮನ ಹೆಂಡತಿ ಎಚ್ಚರಿಸಿದ್ದಳು. ಅದಕ್ಕೂ ನಕ್ಕಿದ್ದ.

ಆ ದಿನ ವಾಲ್ವ್ ಬಿಗಿಯಲು ಗುಂಡಿಗೆ ಇಳಿಯಬೇಕಾದವನು ಅಲ್ಲೇ ಕೆಲಸಕ್ಕಿದ್ದ ಅವನ ತಮ್ಮನೇ. ಅವಳು ಡಬ್ಬಿ ಇಳಿಬಿಡಲು ಬಂದಾಗ ಮೂಗಪ್ಪ ಮೊಣಕೈಯಿಂದ ತಳ್ಳಿದ. ಡಬ್ಬಿ ಕಾಂಕ್ರೀಟಿಗೆ ಬಿದ್ದು ಒಡೆಯಿತು. ಬಗ್ಗಿ ಮೂಸಿದ. ಮೊದಲು ನಾತ ಬಡಿಯಿತು, ಎರಡನೇ ಉಸಿರಿಗೆ ಏನೂ ಇಲ್ಲ. ಗಾಳಿ ಹೋಯಿತು ಎಂದುಕೊಂಡ. ಸತ್ತದ್ದು ಅವನ ಮೂಗು. ಆ ವಿಷ ಗಟ್ಟಿಯಾದರೆ ಮೊದಲು ಕೊಲ್ಲುವುದು ಮೂಸುವ ಶಕ್ತಿಯನ್ನೇ.

"ಇಳಿಯೋ," ಅಂದ.

ಏಣಿಯ ಐದನೇ ಮೆಟ್ಟಿಲಿಗೆ ತಮ್ಮನ ಕೈ ಬಿಟ್ಟಿತು. ದವಡೆ ಕಬ್ಬಿಣಕ್ಕೆ ಬಡಿದ ಸದ್ದು ಮೇಲಕ್ಕೆ ಕೇಳಿತು. ಮೂಗಪ್ಪ ಏಣಿಯತ್ತ ನುಗ್ಗಿದ. ತಮ್ಮನ ಹೆಂಡತಿ ಪೈಪ್ ರೆಂಚ್ ಎತ್ತಿ ಅವನ ಮೊಣಕಾಲ ಕೆಳಗೆ ಬಾರಿಸಿದಳು. ಮೂಳೆ ಒಣಕಟ್ಟಿಗೆಯಂತೆ ಲಟಕ್ಕೆಂದಿತು.

"ಸಾಯೋಕೆ ಒಬ್ರು ಸಾಕು ಭಾವ. ಬಿದ್ದಲ್ಲೇ ಹಗ್ಗ ಹಿಡ್ಕೊಳ್ಳಿ."

ಉಸಿರಿನ ಸಿಲಿಂಡರ್ ಬೆನ್ನಿಗೇರಿಸಿ, ಮುಖಕ್ಕೆ ಮಾಸ್ಕ್ ಬಿಗಿದು ಅವಳೇ ಇಳಿದಳು. ಗಂಡನ ಕಂಕುಳಿಗೆ ಹಗ್ಗ ಕಟ್ಟಿದಳು. ಮೂಗಪ್ಪ ಬಿದ್ದಲ್ಲಿಂದಲೇ, ಓಡಿಬಂದ ಇನ್ನಿಬ್ಬರು ಕೆಲಸಗಾರರ ಜೊತೆ ಸೇರಿ ಎಳೆದ. ಅಂಗೈ ಚರ್ಮ ಸುಲಿದು ಹಗ್ಗಕ್ಕೆ ಅಂಟಿತು. ತಮ್ಮನ ತಲೆ ಒಂದೊಂದು ಮೆಟ್ಟಿಲಿಗೂ ಬಡಿಯುತ್ತ ಬಂತು. ಮುಖ ರಕ್ತದ ಮುದ್ದೆ. ಹಿಂದೆಯೇ ಹತ್ತಿಬಂದ ಅವಳು ಮಂಡಿಯೂರಿ, ಪಕ್ಕೆಲುಬು ಮುರಿದರೂ ನಿಲ್ಲಿಸದೆ ಗಂಡನ ಎದೆ ಒತ್ತಿದಳು. ಕೊನೆಗೆ ಅವನು ಕೆಮ್ಮಿದ. ಮೂರು ಹಲ್ಲು ಹೊರಬಿದ್ದವು, ಜೀವ ಒಳಗುಳಿಯಿತು.

ಮೂಗಪ್ಪ ಈಗಲೂ ಕುಂಟುತ್ತಾನೆ. ಹೊಸ ಡಬ್ಬಿಯನ್ನು ದಾರಕ್ಕೆ ಕಟ್ಟಿ ಗುಂಡಿಗೆ ಬಿಡುವ ಕೆಲಸ ಅವನೇ ಕೇಳಿ ಪಡೆದದ್ದು. ಒಂದ್ಸಲ ಮೂಸಿಬಿಡಣ್ಣ ಎಂದು ಯಾರಾದರೂ ಕೆಣಕಿದರೆ ಡಬ್ಬಿಯಿಂದ ಕಣ್ಣು ಕೀಳುವುದಿಲ್ಲ.

"ಮೂಗು ಒಪ್ಪುತ್ತೆ ಕಣಪ್ಪ, ಕಾಲು ಒಪ್ಪಲ್ಲ."